ಫ್ಲಾಸ್ಕಿನ ಹಿಂದಿನ ಒಬ್ಬಟ್ಟು

ಇದನ್ನು ಹೇಳುವಷ್ಟು ದೊಡ್ಡವಳಲ್ಲ ನಾನು, ತಪ್ಪಿದ್ದರೆ ಕ್ಷಮಿಸಬೇಕು. ಇನ್ನು ಗುಣವಾಗದವರನ್ನು ನೋವಿಲ್ಲದಂತೆ ನೋಡಿಕೊಳ್ಳುವ ವಾರ್ಡಿನಲ್ಲಿ ನಾನು ನರ್ಸ್.

ಕಿಟಕಿ ಪಕ್ಕದ ಮಂಚದ ಯಜಮಾನರಿಗೆ ಹಳೆಯ ಸಕ್ಕರೆ ಕಾಯಿಲೆಯೂ ಇತ್ತು. ಡಾಕ್ಟರು ಅವರ ಹೆಂಡತಿಯನ್ನು ಹೊರಗೆ ಕರೆದು, "ಇನ್ನು ಪಥ್ಯ ಬೇಡಮ್ಮ, ಕೇಳಿದ್ದು ಕೊಡಿ" ಎಂದರು.

ಆಕೆ ನನ್ನ ಬಳಿ ಬಂದರು. "ನಾನೇ ಕೈಯಾರೆ ಸಿಹಿ ಕೊಟ್ರೆ ಇವರಿಗೆ ಎಲ್ಲಾ ಗೊತ್ತಾಗಿಬಿಡತ್ತೆ ಸಿಸ್ಟರ್. ಯಾವತ್ತಿನ ಹಾಗೆ ಕದ್ದೇ ತಿನ್ನಲಿ."

ಅಂದಿನಿಂದ ಫ್ಲಾಸ್ಕಿನ ಹಿಂದೆ, ಡಬ್ಬಿಯಲ್ಲಿ ಒಂದು ಒಬ್ಬಟ್ಟು ಅಡಗಿಸಿಟ್ಟು ಕಾಫಿಗೆ ಹೋಗುವರು. ಬಂದು ನೋಡಿದರೆ ಡಬ್ಬಿ ಖಾಲಿ.

"ಮತ್ತೆ ಕದ್ರಾ? ಈ ವಯಸ್ಸಲ್ಲೂ ನಾಚಿಕೆ ಇಲ್ವಲ್ಲ!"

"ಇಲಿ ಇರಬೇಕು ಕಣೇ."

ಇಡೀ ವಾರ್ಡು ನಗುತ್ತಿತ್ತು.

ನಿಜವೆಂದರೆ, ಯಜಮಾನರ ಗಂಟಲಲ್ಲಿ ನೀರೂ ಸರಿಯಾಗಿ ಇಳಿಯುತ್ತಿರಲಿಲ್ಲ. ಹೆಂಡತಿ ಅತ್ತ ಹೋದೊಡನೆ ನನ್ನನ್ನು ಕರೆಯುವರು. "ಬೇಗ ತಿನ್ನು ತಾಯಿ. ಡಬ್ಬಿ ಹಾಗೇ ಇದ್ರೆ ಅವಳು ಹೆದರಿಬಿಡ್ತಾಳೆ. ಬೈಕೊಂಡಿದ್ರೆ ಚೆನ್ನಾಗಿರ್ತಾಳೆ."

ಇದು ಸರಿಯೋ ತಪ್ಪೋ ಎಂದು ದಿನವೂ ಚಿಂತಿಸುತ್ತಿದ್ದೆ. ದಿನವೂ ತಿನ್ನುತ್ತಿದ್ದೆ.

ಒಂದು ದಿನ ಡಬ್ಬಿಯಲ್ಲಿ ಎರಡು ಒಬ್ಬಟ್ಟು ಇದ್ದವು. ಹೇಗೋ ಎರಡನ್ನೂ ಮುಗಿಸಿ ಹೊರಗೆ ಬಂದರೆ ಆಕೆ ಎದುರಾದರು.

"ಇವತ್ತು ಸಾಕಾಯ್ತಾ ಸಿಸ್ಟರ್? ಮಧ್ಯಾಹ್ನ ಊಟಾನೂ ಮಾಡಲ್ಲ ನೀವು, ಒಂದು ಎಲ್ಲಿ ಸಾಲತ್ತೆ ಅನ್ನಿಸ್ತು."

ಅಷ್ಟು ಹೇಳಿ ಒಳಗೆ ಹೋದವರು, "ಎರಡನ್ನೂ ಕದ್ರಾ?" ಎಂದು ಶುರುಮಾಡಿದರು.

ಆಕೆಗೆ ಎಲ್ಲಾ ತಿಳಿದಿದೆಯೆಂದು ಯಜಮಾನರಿಗೂ ಗೊತ್ತಿತ್ತೋ ಏನೋ, ನಾನು ಕೇಳಲಿಲ್ಲ, ನನಗೆ ತಿಳಿಯದು.