ತಟ್ಟೆಯೊಳಗಿನ ಗರ್ಭಚೀಲ

ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ದ್ಯಾಮವ್ವನಿಗೆ ಆ ತಟ್ಟೆ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಅದರಲ್ಲಿ ಸಂಶೋಧನೆಯ ಮೇಡಂ ಹೆಂಗಸಿನ ಗರ್ಭಚೀಲದ ಚೂರೊಂದನ್ನು ಬೆಳೆಸುತ್ತಿದ್ದರು. ಅದಕ್ಕೆ ಬೆಚ್ಚನೆಯ ಪೆಟ್ಟಿಗೆ, ಹೊತ್ತುಹೊತ್ತಿಗೆ ಆಹಾರ, ಭಾನುವಾರವೂ ಆರೈಕೆ. ಬೇಕೆಂದೇ ಸೋಂಕು ತಗುಲಿಸಿ, ಅದನ್ನು ವಾಸಿ ಮಾಡುವ ಔಷಧಿ ಹುಡುಕುತ್ತಿದ್ದರು.

ಇವತ್ತು ಅವಳಿಗೆ ತಡೆಯಲಾಗಲಿಲ್ಲ.

"ಬಿಳಿ ಸೆರಗು ಹೋಗ್ತೈತಿ ಅಂತ ದವಾಖಾನಿಗೆ ಹೋದ್ರ, ನಂಗ ಒಂದು ಗುಳಿಗಿ ಸೈತ ಕೊಡಲಿಲ್ರಿ. ಸೋಂಕು ಆಗೇತಿ, ಬಿಟ್ರ ಕ್ಯಾನ್ಸರ್ ಅಂತ ಹೆದರಿಸಿ, ಇಪ್ಪತ್ತೇಳು ತುಂಬೋದ್ರೊಳಗ ಗರ್ಭಚೀಲನ ಕಿತ್ತೊಗದ್ರು. ನಮ್ಮ ಓಣ್ಯಾಗ ಹನ್ನೊಂದು ಮಂದೀದು ಹಂಗ ತಗದಾರ. ಈ ಚೂರಿಗಿರೋ ಕಿಮ್ಮತ್ತು ನಮಗಿಲ್ಲೇನ್ರಿ?"

"ರೋಗ ಹಿಡಿದಿದ್ದರೆ ಕೆಲವೊಮ್ಮೆ ತೆಗೀಲೇಬೇಕಾಗುತ್ತೆ ದ್ಯಾಮವ್ವ," ಮೇಡಂ ಸಮಾಧಾನ ಮಾಡಿದರು.

"ಮತ್ತ ಇದನ್ನ ಬೆಳಸಾಕ ಮೊದಲನೇ ಚೂರು ಎಲ್ಲಿಂದ ತಂದ್ರಿ?"

"ಆಪರೇಷನ್ ಮಾಡಿ ತೆಗೆದಿದ್ದನ್ನ ಆಸ್ಪತ್ರೆಯವರು ಕಳಿಸ್ತಾರೆ." ಮೇಡಂ ಆಸ್ಪತ್ರೆಯ ಹೆಸರು ಹೇಳಿದರು.

ದ್ಯಾಮವ್ವ ತೊಳೆಯುತ್ತಿದ್ದ ಗಾಜನ್ನು ಕೆಳಗಿಟ್ಟಳು. ಅವಳ ಗರ್ಭಚೀಲ ತೆಗೆದದ್ದೂ ಅಲ್ಲೇ.

"ಹಂಗಾರ ಇದೂ ರೋಗದ್ದ ಅನ್ರಿ."

"ಛೆ, ರೋಗದ್ದು ನಮಗೆ ನಡೆಯಲ್ಲ." ಮೇಡಂ ಹೆಮ್ಮೆಯಿಂದ ನಕ್ಕರು. "ಬಂದ ಒಂದೊಂದನ್ನೂ ಪರೀಕ್ಷೆ ಮಾಡಿ, ಆರೋಗ್ಯವಾಗಿದ್ದರೆ ಮಾತ್ರ ಇಟ್ಕೋತೀವಿ. ಆ ಆಸ್ಪತ್ರೆಯಿಂದ ವರ್ಷಕ್ಕೆ ನೂರಾರು ಬರುತ್ತೆ ನೋಡಿ, ಇವತ್ತಿನವರೆಗೆ ಒಂದನ್ನೂ ಬಿಸಾಡೋ ಪ್ರಸಂಗ ಬಂದಿಲ್ಲ."