ನೀಲವ್ವನ ಹಿಡಿ ಗಾಳಿ

ಚಂದ್ರನ ಮೇಲಿನ ಆ ಊರಲ್ಲಿ ಹೆಂಗಸರು ಹಿಡಿ ಅಕ್ಕಿಯ ಬದಲು ಗಾಳಿ ಎತ್ತಿಡುತ್ತಿದ್ದರು. ಸೋಮವಾರಕ್ಕೊಂದು ಡಬ್ಬಿ ಗಾಳಿಯನ್ನು ಊರಿಗೆಲ್ಲ ಉಸಿರು ಕೊಡುವ ಪಾಚಿತೋಟಕ್ಕೆ ಹಾಕಿದರೆ, ಅದು ನಿಧಾನವಾಗಿ ಬೆಳೆದು ಮನೆಯ ಪಾಲು ಹೆಚ್ಚಾಗುತ್ತಿತ್ತು. ನೀಲವ್ವ ಹಾಕುತ್ತಿದ್ದುದು ಬಸುರಿ ಮಗಳ ಕೂಸಿಗೆ. ಪಾಲು ಸಾಲದಿದ್ದರೆ ತಾಯಿ-ಕೂಸು ಇಬ್ಬರನ್ನೂ ಭೂಮಿಗೆ ಕಳಿಸಿಬಿಡುತ್ತಿದ್ದರು.

ಆ ಸೋಮವಾರ ಬೆಳಿಗ್ಗೆ ಸರ್ಕಾರ ಬಿತ್ತು. ತೋಟ ಯಾರ ಕೈಸೇರುತ್ತದೋ ಎಂದು ಹೆದರಿದ ಜನ, ತಮ್ಮ ಪಾಲು ಹಿಂದಕ್ಕೆ ಪಡೆಯಲು ಖಾಲಿ ಡಬ್ಬಿ ಹಿಡಿದು ತೋಟದ ಬಾಗಿಲಿಗೆ ಮುಗಿಬಿದ್ದರು.

"ಹುಚ್ಚಿ ಅದೀ ಏನ, ನೀಲಕ್ಕಾ? ಎಲ್ಲಾರೂ ತಗ್ಯಾಕ ನಿಂತಾರ, ನೀ ಹಾಕಾಕ ಬಂದೀ!" ನೀಲವ್ವನ ಕೈಯ ತುಂಬಿದ ಡಬ್ಬಿ ನೋಡಿ ನೆರೆಮನೆಯ ಶಿವಲೀಲಾ ಏದುಸಿರು ಬಿಡುತ್ತ ಅಂದಳು.

ನೀಲವ್ವ ತೋಟದ ಗಾಳಿ ಎಷ್ಟಿದೆಯೆಂದು ತೋರಿಸುವ ಗೋಡೆಯ ಮಾಪಕ ನೋಡಿದಳು. ಬಾಗಿಲು ಇನ್ನೂ ತೆರೆದಿರಲಿಲ್ಲ, ಆದರೂ ಮುಳ್ಳು ಇಳಿಯುತ್ತಿತ್ತು. ಅದು ಕೆಂಪು ಗೆರೆ ಮುಟ್ಟಿದರೆ ಪಾಚಿಯೆಲ್ಲ ಸಾಯುತ್ತದೆ.

"ಯಾರೂ ಇನ್ನಾ ತಗದಿಲ್ರೀ," ಅವಳು ಎಲ್ಲರತ್ತ ತಿರುಗಿ ಅಂದಳು. "ಇಲ್ಲಿಗೂ ತ್ವಾಟದ ಗಾಳೀನ ಬರ್ತದ, ನಾವ ತೇಕಿ ತೇಕಿ ಖಾಲಿ ಮಾಡಾಕತ್ತೀವಿ. ಮೊದಲ ಕುಂದರ್ರಿ!"

ತಾನೇ ನೆಲದ ಮೇಲೆ ಕೂತಳು. ಕೂಸಿಗೆ ಹಾಲೂಡುವಾಗಿನಂತೆ ಮೆಲ್ಲಗೆ ಉಸಿರಾಡಿದಳು. ಶಿವಲೀಲಾ ಮುಳ್ಳು ನೋಡಿ ಪಕ್ಕದಲ್ಲಿ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರೂ ಕೂತರು. ಮುಳ್ಳು ಕೆಂಪಿನ ಅಂಚಿನಲ್ಲಿ ನಡುಗಿ, ನಿಂತಿತು.

ನೀಲವ್ವ ಎದ್ದು, ಬಾಗಿಲ ಪಕ್ಕದ ನಳಿಕೆಗೆ ಡಬ್ಬಿ ಸಿಕ್ಕಿಸಿ ತಿರುವಿದಳು. ಬುಸ್ಸೆಂದು ಗಾಳಿ ಒಳಗೆ ಹೋಯಿತು.

"ನಾಳೆ ಯಾವ ಸರ್ಕಾರ ಬರ್ತದೋ ಏನೋ, ಅಕ್ಕಾ," ಶಿವಲೀಲಾ ಪಿಸುಗುಟ್ಟಿದಳು.

"ಯಾವದರ ಬರ್ಲಿ," ಅಂದಳು ನೀಲವ್ವ, ಖಾಲಿ ಡಬ್ಬಿಯನ್ನು ಸೆರಗಿನಲ್ಲಿ ಒರೆಸುತ್ತ. "ಕೂಸಂತೂ ಶ್ರಾವಣಕ್ಕ ಬರ್ತದ."