ಸೈನ್ಯದ ಪಾಲು

ಬೋರ್ಡಿನ ಮೇಲೆ ಬ್ರಿಟಿಷರ ಕಾಲದ ಬಜೆಟ್ಟಿನ ವೃತ್ತನಕ್ಷೆ ಬಿಡಿಸಿ, ಸೈನ್ಯದ ದೊಡ್ಡ ಪಾಲನ್ನು ರಮಾಮಣಿ ಒತ್ತಿ ಒತ್ತಿ ಬೆಳ್ಳಗೆ ತುಂಬಿದಳು. ಶಿಕ್ಷಣದ ಸಣ್ಣ ಪಾಲಿಗೆ ಬರುವಷ್ಟರಲ್ಲಿ ಚಾಕ್‌ಪೀಸೇ ಸವೆದುಹೋಯಿತು.

"ಅಮರೇಶ, ಆಫೀಸಲ್ಲಿ ಒಂದು ಚಾಕ್‌ಪೀಸ್ ಇಸ್ಕೊಂಡು ಬಾಪ್ಪ," ಎಂದಳು ಮುಂದಿನ ಬೆಂಚಿನ ವಿದ್ಯಾರ್ಥಿಗೆ.

"ಬೆಳಿಗ್ಗೇನೇ ಕೇಳ್ಬುಟ್ಟೆ ಮೇಡಂ. ಗ್ರಾಂಟ್ ಬಂದಿಲ್ವಂತೆ, ಮುಂದಿನ ತಿಂಗಳು ನೋಡೋಣ ಅಂದ್ರು."

ಅತಿಥಿ ಉಪನ್ಯಾಸಕಿಯಾದ ಅವಳ ಸಂಬಳಕ್ಕೂ ಆಫೀಸಿನವರು ಹೇಳುತ್ತಿದ್ದುದು ಇದೇ ಮಾತು. ಇಲವಾಲದಿಂದ ಮೈಸೂರಿನವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದ ಕಾಲುಗಳು ಸೋತಿದ್ದವು. ನಾಳೆ ಮುಗಿಸೋಣ ಎನ್ನಲು ಬಾಯಿ ತೆರೆದವಳು ಮತ್ತೆ ಬೋರ್ಡಿನತ್ತ ತಿರುಗಿದಳು.

ತೋರುಬೆರಳನ್ನು ಸೈನ್ಯದ ಪಾಲಿನ ಮೇಲೆ ಬಲವಾಗಿ ಉಜ್ಜಿದಳು. ಬೆರಳಿಗೆ ಹತ್ತಿದ ಬಿಳಿ ಪುಡಿಯಿಂದಲೇ ಪಕ್ಕದ ಖಾಲಿ ಜಾಗದಲ್ಲಿ ಮಸುಕಾಗಿ ಬರೆದಳು: ಶಿಕ್ಷಣ.